ಅತ್ತೆ ‘ಹೂಂ’ ಅಂದರು

ಜೂನ್ 3, ಬೆಳಿಗ್ಗೆ 6.10

ಎಡಗಡೆ ಇಪ್ಪತ್ತು, ಬಲಗಡೆ ಹದಿನೈದು. ಒಟ್ಟು 35 ಎಂ.ಎಲ್. ಹಾಲು. ನಿನ್ನೆಗಿಂತ ಐದು ಜಾಸ್ತಿ. ಬಾಟಲಿಗೆ ಚೀಟಿ ಅಂಟಿಸಿ ಆಯಿತು — ಮಗುವಿನ ಗಾಜಿನ ಪೆಟ್ಟಿಗೆ ನಂಬರ್ 7, ತಾರೀಖು, ಹೊತ್ತು. ಪಂಪಿನ ಭಾಗಗಳು ಕುದಿಯುವ ನೀರಿನಲ್ಲಿವೆ. ಅವು ಆಗುವ ತನಕ ಬರೆಯುವುದು.

ಇವತ್ತಿಗೆ ಮೂವತ್ತೈದು ದಿನ. ಮೂವತ್ತನೇ ವಾರಕ್ಕೇ ಹೊರಗೆ ಬಂದವಳು. ಆಗ ಒಂದು ಕೆಜಿ ಇನ್ನೂರು ಗ್ರಾಂ. ನಿನ್ನೆ ಒಂದು ಆರುನೂರ ಇಪ್ಪತ್ತು. ಉಸಿರಿನ ಮಷೀನ್ ತೆಗೆದು ಮೂರು ವಾರ ದಾಟಿತು. ಹೆಸರಿಟ್ಟಿಲ್ಲ. ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ಐಸಿಯುನಲ್ಲಿ, ‘ಸೆವೆನ್ ಬೇಬಿ’. ನಮಗೆ ಚಿಟಿಕೆ.

“ಚೆನ್ನಾಗಿದಾಳೆ” ಅಂದರು ಡಾಕ್ಟರು. ಅನ್ನುವಾಗ ಫೈಲ್ ನೋಡುತ್ತಿದ್ದರು, ನನ್ನ ಮುಖ ನೋಡಲಿಲ್ಲ. ಕೋರ್ಟಿನಲ್ಲಿ ಹನ್ನೊಂದು ವರ್ಷ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದ್ದೇನೆ. ಯಾರು ಎಲ್ಲಿ ನೋಡಿಕೊಂಡು ಮಾತಾಡಿದರು ಅನ್ನುವುದು ಟೈಪಿಗೆ ಬರುವುದಿಲ್ಲ. ಕಣ್ಣಿಗೆ ಬೀಳುತ್ತದೆ. ನನಗೆ ಸಂಶಯದ ಕಾಯಿಲೆ ಎಂದು ಅಮ್ಮ ಫೋನಿನಲ್ಲಿ ಬೈಯುತ್ತಾಳೆ. ಇರಲಿ.

ಜೂನ್ 3, ಸಂಜೆ 5

ಮಧ್ಯಾಹ್ನ ಎರಡರಿಂದ ಐದು ಮನೆಗೆ ಹೋಗಿ ಮಲಗುವುದು ನನ್ನ ರೂಢಿ. ಇವತ್ತು ಹೋಗಲಿಲ್ಲ. ಅತ್ತೆ ಬಂದರು. ಅಜ್ಜಿಯರಿಗೆ ನಾಲ್ಕರಿಂದ ನಾಲ್ಕೂವರೆ, ಒಬ್ಬೊಬ್ಬರೇ, ಮಾಸ್ಕ್ ಹಾಕಿಕೊಂಡು.

ಮದುವೆಯಾಗಿ ಎರಡು ವರ್ಷ. ಅತ್ತೆ ಇದ್ದದ್ದು ಬೇರೆ ಊರಿನಲ್ಲಿ, ಅತ್ತಿಗೆಯ ಮನೆಯಲ್ಲಿ — ಅತ್ತಿಗೆ ಅಂದರೆ ಇವರ, ನನ್ನ ಗಂಡನ, ಅಕ್ಕ. ನನ್ನ ಜೊತೆ ಒಟ್ಟು ಹತ್ತು ದಿನ ಕಳೆದಿರಬಹುದು. ಫೋನಿಗೂ ಬರುತ್ತಿರಲಿಲ್ಲ. “ಅಮ್ಮ ಮಲಗಿದಾರೆ” ಎಂದು ಅತ್ತಿಗೆಯೇ ಮಾತಾಡಿಬಿಡುತ್ತಿದ್ದರು. ಈಗ ನನ್ನ ಆಪರೇಷನ್ ಆಯಿತೆಂದು ಬಂದು ಮೂರು ವಾರ. ಅಡುಗೆ ಮಾಡುತ್ತಾರೆ. ಬಟ್ಟೆ ಮಡಿಸುತ್ತಾರೆ. ನಾನು ಬಾಯಿ ತೆರೆದರೆ ಸಾಕು, ಮುಖವನ್ನೇ ದಿಟ್ಟಿಸುತ್ತಾರೆ. ಅಷ್ಟು ನೋಡುವುದು ಏನನ್ನು? ತಪ್ಪು ಹುಡುಕುವುದಕ್ಕಾ?

ಮಗುವಿನ ಹತ್ತಿರ ಹೋಗಲಿಲ್ಲ. ಗೋಡೆಗೆ ಒತ್ತಿಕೊಂಡು ದೂರ ನಿಂತರು. ಸಿಸ್ಟರ್ ತಮಾಷೆಗೆ, “ಏನಜ್ಜಿ, ಮೊಮ್ಮಗಳು ಯಾರ ಹಾಗಿದಾಳೆ?” ಅಂದಳು.

“ನಾಳೆ ಇದೇ ಹೊತ್ತಿಗೆ ಬರ್ತೀನಿ” ಅಂದರು ಅತ್ತೆ. ಹೊರಟೇ ಹೋದರು.

ಸಿಸ್ಟರ್ ನನ್ನ ಕಡೆ ನೋಡಿದಳು. ನಾನು ಬಾಟಲಿಯ ಚೀಟಿ ಸರಿಮಾಡುತ್ತಾ ನಿಂತೆ. ಹೆಣ್ಣು ಮಗು, ಅದೂ ಅಂಗೈಯಷ್ಟು — ಇಷ್ಟವಿಲ್ಲದಿದ್ದರೆ ಬರುವುದಾದರೂ ಯಾಕೆ?

ಜೂನ್ 5, ಬೆಳಿಗ್ಗೆ 9.40

ಹಾಲು ತೆಗೆದುಕೊಂಡು ಬಂದರೆ ದೊಡ್ಡ ಸಿಸ್ಟರ್ ಬಾಗಿಲಲ್ಲೇ ಹಿಡಿದರು.

“ಎಲ್ಲಿದ್ರಿ? ಕಿವಿ ಮೇಡಂ ಬಂದು ಅರ್ಧ ಗಂಟೆ ಕಾದು ಹೋದ್ರು.”

ಯಾವ ಕಿವಿ, ಯಾವ ಮೇಡಂ?

“ಹಿಯರಿಂಗ್ ಟೆಸ್ಟ್ ಅಮ್ಮ. ಇಲ್ಲಿರೋ ಎಲ್ಲಾ ಮಕ್ಕಳಿಗೂ ಮಾಡಲೇಬೇಕು. ಏಳಕ್ಕೆ ತಾಯಿ ಬಂದು ಸೈನ್ ಹಾಕಿ ಹಾಲು ಕೊಡ್ಬೇಕು, ಹೊಟ್ಟೆ ತುಂಬಿ ಮಲಗಿದ್ಮೇಲೇ ಟೆಸ್ಟ್. ನಿನ್ನೆ ನಿಮ್ಮತ್ತೆಗೆ ಬಿಡಿಸಿ ಬಿಡಿಸಿ ಹೇಳಿದ್ದೀನಿ.”

“ಅವ್ರು ಏನಂದ್ರು?”

“ಹೂಂ ಅಂದ್ರು.”

ಇನ್ನು ಮಂಗಳವಾರವೇ. ವಾರಕ್ಕೆ ಎರಡೇ ಸಲ ಬರುವುದಂತೆ. ನನಗೊಂದು ಫೋನ್ ಮಾಡಬಹುದಿತ್ತಲ್ಲ ಎಂದೆ. “ಮನೆಯವರಿಗೇ ಹೇಳಿದ್ಮೇಲೆ ಫೋನ್ ಯಾಕೆ?” — ನ್ಯಾಯವಾದ ಮಾತು. ಅದಕ್ಕೇ ಇನ್ನಷ್ಟು ಉರಿಯಿತು.

ಜೂನ್ 5, ರಾತ್ರಿ 9

ಅತ್ತೆಯನ್ನು ಕೂರಿಸಿ ಕೇಳಿದೆ.

“ಸಿಸ್ಟರ್ ನಿನ್ನೆ ನಿಮಗೇನಾದ್ರೂ ಹೇಳಿದ್ರಾ?”

“ಇಲ್ಲಮ್ಮ.”

“ಟೆಸ್ಟ್ ವಿಷ್ಯ?”

“ಯಾರೂ ಏನೂ ಹೇಳ್ಲಿಲ್ಲ.”

ಬಟ್ಟೆ ಮಡಿಸುತ್ತಿದ್ದ ಕೈ ನಿಲ್ಲಲಿಲ್ಲ. ಆದರೆ ಒಂದೇ ಟವೆಲನ್ನು ಬಿಚ್ಚಿ ಮೂರು ಸಲ ಮಡಿಸಿದರು. ಇಬ್ಬರಲ್ಲಿ ಒಬ್ಬರು ಸುಳ್ಳು. ಸಿಸ್ಟರ್‌ಗೆ ಸುಳ್ಳು ಹೇಳಿ ಸಿಗುವುದೇನು? ಅತ್ತೆಗೆ?

ಕೆಲಸ ಮುಗಿಸಿ ಇವರು ಬಂದ ಮೇಲೆ ಹೇಳಿದೆ. ಇವರದು ಲಿಫ್ಟ್ ರಿಪೇರಿ ಕೆಲಸ. ಮನೆಯಲ್ಲಿ ಏನಾದರೂ ಕೆಟ್ಟರೆ ಎರಡು ಮಹಡಿಯ ನಡುವೆ ಸಿಕ್ಕಿಕೊಂಡ ಲಿಫ್ಟಿನ ಹಾಗೆ ನಿಂತುಬಿಡುತ್ತಾರೆ.

“ಅಮ್ಮ ಬೇಕಂತ ಮಾಡಲ್ಲ ಕಣೇ.”

“ಬೇಕಂತ ಮಾಡಿದ್ರು ಅಂತ ನಾನೆಲ್ಲಿ ಅಂದೆ?”

ಅಂದಿರಲಿಲ್ಲ. ಅವರಿಗೇ ಹಾಗೆ ಹೊಳೆದದ್ದು ಹೇಗೆ?

ಜೂನ್ 6

ಟೆಸ್ಟಿನ ಫಾರ್ಮ್ ಕೊಟ್ಟರು. ಇವರು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ತುಂಬಿದರು. ಹುಟ್ಟಿದಾಗಿನ ತೂಕ, ಎಷ್ಟು ದಿನ ಮಷೀನ್, ಕಾಮಾಲೆ ಇತ್ತೇ... ಸರಸರನೆ ಹೋಗುತ್ತಿತ್ತು. ಒಂಬತ್ತನೇ ಪ್ರಶ್ನೆಗೆ ನಿಂತಿತು. ‘ಕುಟುಂಬದಲ್ಲಿ ಯಾರಿಗಾದರೂ ಚಿಕ್ಕಂದಿನಿಂದ ಕಿವಿ ಕೇಳಿಸದೆ ಇದ್ದದ್ದು ಉಂಟೇ?’

ನಿಂತದ್ದು ಎರಡು ಉಸಿರಿನಷ್ಟು ಹೊತ್ತು. ಆಮೇಲೆ ‘ಇಲ್ಲ’ಕ್ಕೆ ಗುರುತು ಹಾಕಿದರು.

“ಯಾಕೆ ನಿಂತ್ರಿ?”

“ಪೆನ್ ಬರೀತಿರಲಿಲ್ಲ.”

ಅದೇ ಪೆನ್ನಿನಿಂದ ಹತ್ತನೆಯದನ್ನು ಬರೆದರು. ಪೆನ್ನಿಗೇನೂ ಆಗಿರಲಿಲ್ಲ.

ಜೂನ್ 9, ಮಧ್ಯಾಹ್ನ

ಇವತ್ತು ಟೆಸ್ಟ್. ಏಳಕ್ಕೇ ಬಂದೆ. ಸೈನ್ ಹಾಕಿದೆ. ಹಾಲು ಕುಡಿದು ಚಿಟಿಕೆ ನನ್ನ ಎದೆಯ ಮೇಲೇ ಕಣ್ಣು ಮುಚ್ಚಿದಳು.

ಕಿವಿ ಮೇಡಂ ಇನ್ನೂ ಚಿಕ್ಕ ಹುಡುಗಿ. ಟ್ರಾಲಿಯ ಮೇಲೆ ಲ್ಯಾಪ್‌ಟಾಪಿನಂಥದ್ದು. ಹಣೆ, ಕುತ್ತಿಗೆಯ ಹಿಂದೆ, ಭುಜ — ಮೂರು ಕಡೆ ಚರ್ಮ ಉಜ್ಜಿ ಸ್ಟಿಕರ್ ಅಂಟಿಸಿದಳು. ಕಿವಿಗಳ ಮೇಲೆ ಪುಟ್ಟ ಬಟ್ಟಲಿನಂಥವು. ಸದ್ದು ಕಿವಿಯಿಂದ ಮಿದುಳಿಗೆ ಹೋಗುತ್ತದಾ ಎಂದು ಸ್ಟಿಕರ್ ಹಿಡಿಯುತ್ತದಂತೆ. ಇಲ್ಲಿಯ ಮಕ್ಕಳಿಗೆ ಇದೇ ಆಗಬೇಕಂತೆ. ಕಿವಿಯನ್ನಷ್ಟೇ ನೋಡುವ ಇನ್ನೊಂದು ಟೆಸ್ಟಿನಲ್ಲಿ ಕೆಲವು ತೊಂದರೆ ತಪ್ಪಿಸಿಕೊಂಡು ಹೋಗುತ್ತವಂತೆ.

ಸುತ್ತಲೂ ಮಾನಿಟರ್‌ಗಳ ಕುಯ್ ಕುಯ್. ಪಕ್ಕದ ಪೆಟ್ಟಿಗೆಯ ಅಲಾರಂ ಹೊಡೆದಾಗೆಲ್ಲ ಅವಳು ಟೆಸ್ಟ್ ನಿಲ್ಲಿಸಿ ಕಾದಳು. ಒಳ್ಳೆಯ ಕೆಲಸಗಾರ್ತಿ. ಅದನ್ನು ಒಪ್ಪಿಕೊಳ್ಳುವುದಕ್ಕೂ ನನಗೆ ಮನಸ್ಸಿರಲಿಲ್ಲ.

ಪರದೆಯ ಮೇಲೆ ಗೆರೆ ಏರಲಿಲ್ಲ. ಬಲ — ರೆಫರ್. ಎಡ — ರೆಫರ್.

“ಫೇಲ್ ಅಂತಲ್ಲ ಅಕ್ಕ. ಇನ್ನೊಂದ್ಸಲ ನೋಡ್ಬೇಕು ಅಂತ. ಕಿವಿಯೊಳಗೆ ನೀರಿನಂಶ ಇದ್ರೂ ಹೀಗೇ ಬರುತ್ತೆ.”

“ನಿಮ್ಮ ಮಷೀನ್ ಸರಿ ಇದೆಯಾ?”

“ಬೆಳಿಗ್ಗೆ ಚೆಕ್ ಮಾಡಿಯೇ ತಂದಿದ್ದು.”

ಫಾರ್ಮ್ ತೆರೆದು ಒಂಬತ್ತನೇ ಪ್ರಶ್ನೆಯ ಮೇಲೆ ಬೆರಳಿಟ್ಟಳು. “ಇದು ಖಚಿತಾನಾ?” ಇವರು ಪಕ್ಕದಲ್ಲೇ ಇದ್ದರು. “ಖಚಿತ” ಅಂದರು.

ಡಾಕ್ಟರನ್ನು ಕಾರಿಡಾರಿನಲ್ಲಿ ಅಡ್ಡಹಾಕಿದೆ. ಕಿವಿಗೆ ಪೆಟ್ಟು ಕೊಡುವ ಔಷಧಿ ಇದೆಯಂತಲ್ಲ, ನನ್ನ ಮಗುವಿಗೆ ಕೊಟ್ಟಿದ್ದೀರಾ? ಅವರು ಈ ಸಲ ನನ್ನನ್ನೇ ನೋಡಿದರು. “ಕೊಟ್ಟಿದ್ದೀವಿ. ರಕ್ತದಲ್ಲಿ ಎಷ್ಟಿದೆ ಅಂತ ನೋಡ್ಕೊಂಡೇ ಕೊಟ್ಟಿದ್ದೀವಿ. ಕೊಡದೇ ಇದ್ದಿದ್ರೆ ಇವತ್ತು ಟೆಸ್ಟ್ ಮಾಡೋಕೆ ಮಗು ಇರ್ತಿರಲಿಲ್ಲಮ್ಮ.”



ಜೂನ್ 14

ಐದು ದಿನ ಏನೂ ಬರೆದಿಲ್ಲ. ಬರೆಯುವುದು ಏನನ್ನು? ಪೆಟ್ಟಿಗೆಯ ಪಕ್ಕ ನಿಂತು ನಾಲಿಗೆಯಲ್ಲಿ ಲೊಚಗುಟ್ಟಿದೆ, ಕೀ ಗೊಂಚಲು ಆಡಿಸಿದೆ. ಒಮ್ಮೆ ಕಣ್ಣು ಬಿಟ್ಟಳು. ಒಮ್ಮೆ ಬಿಡಲಿಲ್ಲ. “ಅಮ್ಮ, ಬೇರೆ ಮಕ್ಕಳು ಎದ್ದೇಳ್ತವೆ” ಎಂದು ಸಿಸ್ಟರ್ ಬೈದಳು.

ಮನೆಯಲ್ಲಿ ಏನೋ ನಡೆಯುತ್ತಿದೆ. ಇದನ್ನು ಮಾತ್ರ ಸ್ಪಷ್ಟವಾಗಿ ಬರೆದಿಡುತ್ತೇನೆ.

ಒಂದು: ಶುಕ್ರವಾರ ಅಡುಗೆಮನೆಯಲ್ಲಿ ನನ್ನ ಕೈ ಜಾರಿ ಕುಕ್ಕರಿನ ಮುಚ್ಚಳ ಅತ್ತೆಯ ಬೆನ್ನ ಹಿಂದೆಯೇ ಬಿತ್ತು. ಇಡೀ ಮನೆಗೆ ಕೇಳುವಂಥ ಸದ್ದು. ಅವರು ತಿರುಗಿಯೂ ನೋಡಲಿಲ್ಲ. ನನ್ನ ಮೇಲೆ ಅಷ್ಟು ಸಿಟ್ಟು.

ಇನ್ನೊಂದು: ಇವತ್ತು ಬೆಳಿಗ್ಗೆ. ಬಾಗಿಲ ಸಂದಿಯಿಂದ ಕಂಡದ್ದು. ತಾಯಿ ಮಗ ಎದುರುಬದುರು ನಿಂತಿದ್ದಾರೆ. ಇವರ ಬಾಯಿ ಆಡುತ್ತಿದೆ, ಸದ್ದಿಲ್ಲ. ಪಿಸುಮಾತಲ್ಲ — ಪಿಸುಮಾತಾದರೆ ಉಸಿರಾದರೂ ಕೇಳಿಸುತ್ತದೆ. ಇದು ಏನೇನೂ ಇಲ್ಲ. ಟಿವಿಯ ಸೌಂಡ್ ತೆಗೆದ ಹಾಗೆ. ಅತ್ತೆ ತಲೆಯಾಡಿಸುತ್ತಾ ಕಣ್ಣು ಒರೆಸಿಕೊಂಡರು. ನಾನು ಒಳಗೆ ಕಾಲಿಟ್ಟೆ. ನಿಂತಿತು.

“ಏನು ಮಾತಾಡ್ತಿದ್ರಿ?”

“ಏನಿಲ್ಲ, ಉಪ್ಪು ಕಮ್ಮಿ ಆಗಿದೆ ಅಂದೆ” ಅಂದರು ಇವರು.

ಉಪ್ಪಿಗೆ ಯಾರಾದರೂ ಅಳುತ್ತಾರಾ? ಮಗುವನ್ನು ಏನಾದರೂ ಮಾಡಬೇಕು ಅಂತಲಾ? ನನ್ನನ್ನು ತವರಿಗೆ ಕಳಿಸುವುದಾ? ಎರಡು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರು. ಗೊತ್ತಿಲ್ಲದ ಮನುಷ್ಯನ ಹಾಗೆ ಕಂಡರು.

ಜೂನ್ 16

ಎರಡನೇ ಟೆಸ್ಟ್. ಬಲ ರೆಫರ್. ಎಡ ರೆಫರ್.

ಕಿವಿ ಮೇಡಂ ಸ್ಟೂಲ್ ಎಳೆದುಕೊಂಡು ಕೂತಳು. ಇನ್ನು ಮುಂದಿನದು ದೊಡ್ಡ ಟೆಸ್ಟ್, ಎಷ್ಟು ಕೇಳಿಸುತ್ತದೆ ಎಂದು ಅಳೆಯುವಂಥದ್ದು. ಮೂರು ತಿಂಗಳೊಳಗೆ ಗೊತ್ತಾಗಬೇಕು, ಆರು ತಿಂಗಳೊಳಗೆ ಕಿವಿಗೆ ಮಷೀನ್ ಹಾಕಬೇಕು. “ಮಾತು ಬರೋ ದಾರಿ ಈಗ್ಲೇ ತೆರೆಯೋದು ಅಕ್ಕ. ತಡ ಆದಷ್ಟೂ ಕಷ್ಟ. ಮನೇಲಿ ಯಾರಿಗಾದ್ರೂ ಇದೆ ಅಂತಾದ್ರೆ ರಕ್ತದ ಟೆಸ್ಟೂ ಈಗ್ಲೇ ಬರೆಸ್ಬಹುದು. ಅದಕ್ಕೇ ಮತ್ತೆ ಮತ್ತೆ ಕೇಳೋದು.”

ಆಸ್ಪತ್ರೆಯ ಮೆಟ್ಟಿಲಲ್ಲಿ ಇವರ ತೋಳು ಹಿಡಿದು ನಿಲ್ಲಿಸಿದೆ. “ಯಾರಾದ್ರೂ ಇದಾರಾ?”

“ಇಲ್ಲ ಅಂದ್ನಲ್ಲ.”

ಕೈ ಬಿಡಿಸಿಕೊಂಡು ಇಳಿದುಹೋದರು.

ಜೂನ್ 17, ಸಂಜೆ 4.50

ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಎನ್‌ಐಸಿಯು ಬಾಗಿಲ ಹೊರಗೆ ಕೈ ತೊಳೆಯುವ ಜಾಗ. ಮೊಣಕೈಯಲ್ಲಿ ತಿರುಗಿಸುವ ನಲ್ಲಿ. ಅತ್ತೆ ಒಂದರಲ್ಲಿ, ನಾನು ಪಕ್ಕದ್ದರಲ್ಲಿ. ಇಬ್ಬರಿಗೂ ಮಾಸ್ಕ್.

“ಅತ್ತೆ, ನೀವು ಮೊದಲು ಹೋಗ್ತೀರಾ, ನಾನು ಹೋಗ್ಲಾ?”

“ತೂಕ ಒಂದು ಎಂಟುನೂರ ಎಂಬತ್ತು ಆಗಿದೆಯಂತೆ. ಇವ್ನು ಹೇಳ್ದ” ಅಂದರು. ನಾನೇನೋ ಅಂದೆನೆಂದು ನನ್ನ ಕಣ್ಣು ನೋಡಿ ತಿಳಿದಿರಬೇಕು, ಏನೆಂದು ತಿಳಿದಿರಲಿಲ್ಲ.

ನಲ್ಲಿ ನಿಲ್ಲಿಸಿದೆ. ಮಾಸ್ಕ್ ಕೆಳಗೆಳೆದೆ. ಅದೇ ಮಾತು, ಅದೇ ದನಿಯಲ್ಲಿ, ಜೋರು ಮಾಡದೆ ಕೇಳಿದೆ.

“ನೀನೇ ಹೋಗಮ್ಮ, ನಾನು ಆಮೇಲೆ ನೋಡ್ತೀನಿ.”

ಮಾಸ್ಕ್ ಮೇಲೆ ಹಾಕಿಕೊಂಡೆ. ಹೀಗೆ ಮಾಡಬಾರದೆಂದು ಗೊತ್ತಿದ್ದೂ ಮಾಡಿದೆ.

“ಅತ್ತೆ, ನಂಗೆ ನಿಮ್ಮ ಮೇಲೆ ನಂಬಿಕೆ ಇಲ್ಲ.”

ಅವರ ಕಣ್ಣು ಸಣ್ಣಗಾದವು. ಮಾಸ್ಕಿನೊಳಗೆ ನಕ್ಕರು.

“ಹೂಂ. ಆಯ್ತಮ್ಮ” ಅಂದರು.

ಜೂನ್ 17, 6.30

ಕಾರಿಡಾರಿನ ಕೊನೆಯ ಬೆಂಚಿಗೆ ಕರೆದುಕೊಂಡು ಹೋದೆ. ಇಬ್ಬರ ಮಾಸ್ಕೂ ತೆಗೆಸಿದೆ.

“ನಿಮಗೆ ಕಿವಿ ಕೇಳಿಸಲ್ವಾ ಅತ್ತೆ?”

ಮೊದಲು ಕಾರಿಡಾರಿನ ಎರಡೂ ಕಡೆ ನೋಡಿದರು. “ಅವನು ಹೇಳಿದ್ನಾ?”

“ಯಾರೂ ಹೇಳ್ಲಿಲ್ಲ.”

ಸೆರಗಿನ ಅಂಚು ಬೆರಳಿಗೆ ಸುತ್ತಿದರು. ಆಮೇಲೆ, ಮೂಗಿನಿಂದ ಬರುವ ಆ ದನಿಯಲ್ಲಿ — ಅದನ್ನು ನಾನು ಅವರ ಊರಿನ ಮಾತಿನ ಧಾಟಿ ಅಂದುಕೊಂಡಿದ್ದೆ —

“ಹುಟ್ಟಿದಾಗಿಂದ್ಲೇ ಅಂತ ಕಾಣುತ್ತೆ. ನಮ್ಮಣ್ಣಂಗೆ ಏನೇನೂ ಕೇಳ್ತಿರಲಿಲ್ಲ, ಮಾತೂ ಬರ್ಲಿಲ್ಲ. ನಂಗೆ ಸ್ವಲ್ಪ ಇತ್ತು. ಅಮ್ಮ ನನ್ನ ಗಲ್ಲ ಹಿಡ್ಕೊಂಡು ಒಂದೊಂದೇ ಮಾತು ಕಲಿಸಿದ್ಳು. ಮದುವೆಗೆ ನೋಡೋಕೆ ಬಂದಾಗ ಅಪ್ಪ ಹೇಳಿದ್ರು, ಏನು ಕೇಳಿದ್ರೂ ಹೂಂ ಅನ್ನು, ಬೇರೆ ಏನೂ ಬೇಡ ಅಂತ. ಆವತ್ತಿಂದ ಹೂಂ ಅಂತಾನೇ ಇದೀನಿ.”

“ಮಾವಂಗೆ ಗೊತ್ತಿತ್ತಾ?”

“ತಿಂಗಳಲ್ಲಿ ಗೊತ್ತಾಯ್ತು. ಒಳ್ಳೆ ಮನುಷ್ಯ. ಹೊರಗೆ ಯಾರಿಗೂ ಗೊತ್ತಾಗೋದು ಬೇಡ ಅಂದ್ರು. ಮಕ್ಕಳು ಸದ್ದಿಲ್ಲದೆ ಬಾಯಾಡಿಸೋದು ಕಲಿತ್ವು. ಕೂಗಿದ್ರೆ ಬಾಯಿ ಸೊಟ್ಟ ಆಗುತ್ತೆ, ತಿಳಿಯಲ್ಲ. ಬರೀ ಬಾಯಾಡಿಸಿದ್ರೆ ಚೆನ್ನಾಗಿ ತಿಳಿಯುತ್ತೆ. ನಿನ್ನ ಮಾತೂ ತಿಳಿಯುತ್ತೆ. ನೀನು ಬಾಯಿ ತೆರೆದು ಮಾತಾಡ್ತೀಯ.”

ಅವರು ನೋಡುತ್ತಿದ್ದದ್ದು ನನ್ನ ಬಾಯಿಯನ್ನು.

“ಇಲ್ಲಿ ಎಲ್ಲರ ಬಾಯಿಗೂ ಬಟ್ಟೆ. ಒಳಗೆ ಬಂದ್ರೆ ನಂಗೆ ಕಣ್ಣೇ ಹೋದಂಗಾಗುತ್ತೆ. ಅವತ್ತು ಆ ದೊಡ್ಡ ಸಿಸ್ಟರ್ ಏನೋ ಹೇಳಿದ್ರು ಅಂತ ಗೊತ್ತು. ಏನು ಅಂತ ಗೊತ್ತಿಲ್ಲ. ಕೇಳಿದ್ರೆ... ಅರವತ್ತೊಂದು ವರ್ಷ ಮುಚ್ಚಿಟ್ಟಿದ್ದು ಅಲ್ಲಿ ಬಿಚ್ಚೋದಾ?” ಸುತ್ತಿದ ಸೆರಗು ಬಿಚ್ಚಿ, “ಮಗುಗೆ ನನ್ನಿಂದ ಬಂತು ಅಂತೀಯ ನೀನು. ಅನ್ನು. ನಿಜಾನೇ ಇರ್ಬಹುದು.”

ನಾನು ಏನೂ ಅನ್ನದಿದ್ದರೂ ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಜೂನ್ 18

ಇವರನ್ನು ಟೆರೇಸಿಗೆ ಕರೆದುಕೊಂಡು ಹೋಗಿ ಕೇಳಿದೆ.

“ಅಪ್ಪ ಆಣೆ ಹಾಕಿಸಿದ್ರು. ಅಮ್ಮನ ವಿಷ್ಯ ಸಾಯೋ ತನಕ ಯಾರಿಗೂ ಹೇಳಬಾರದು ಅಂತ. ಏಳು ವರ್ಷ ಆಗ ನಂಗೆ.”

“ಈಗೆಷ್ಟು?”

“ಮೂವತ್ನಾಲ್ಕು.”

“ಚಿಟಿಕೆಗೆ?”

“...ಐವತ್ತು ದಿನ.”

“ಐವತ್ತು ದಿನದವಳ ಕಿವಿಗಿಂತ ಆ ಆಣೆ ದೊಡ್ಡದಾ?”

ಸಿಕ್ಕಿಕೊಂಡ ಲಿಫ್ಟ್. ಆಮೇಲೆ ನೀರಿನ ಟ್ಯಾಂಕಿಗೆ ತಲೆ ಆನಿಸಿ ಅತ್ತರು. ಬೆನ್ನ ಮೇಲೆ ಕೈ ಇಡಬೇಕು ಅನ್ನಿಸಿತು. ಇಡಲಿಲ್ಲ. ಇನ್ನೂ ಏನೇನು ಮುಚ್ಚಿಟ್ಟಿದ್ದೀರಿ ಎಂದು ಕೇಳಿದೆ. ಏನೂ ಇಲ್ಲ ಅಂದರು. ಆ ‘ಇಲ್ಲ’ವೂ ಒಂಬತ್ತನೇ ಪ್ರಶ್ನೆಯ ‘ಇಲ್ಲ’ವೂ ನನ್ನ ಕಿವಿಗೆ ಒಂದೇ ಥರ ಕೇಳಿಸಿದವು. ಇದು ಹೋಗುವುದಕ್ಕೆ ಎಷ್ಟು ದಿನ ಬೇಕೋ.

ಜೂನ್ 19, ಶುಕ್ರವಾರ

ಫಾರ್ಮಿನಲ್ಲಿ ‘ಇಲ್ಲ’ ಹೊಡೆದುಹಾಕಿ ‘ಉಂಟು’ ಎಂದು ಇವರೇ ಬರೆದರು. ಪಕ್ಕದಲ್ಲಿ ಸೈನ್. ಕಿವಿ ಮೇಡಂ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. “ಅಜ್ಜಿಯನ್ನೂ ಕರ್ಕೊಂಡು ಬನ್ನಿ” ಅಂದಳು.

ಕೆಳಗಿನ ಮಹಡಿಯಲ್ಲಿ ಸದ್ದು ಬರದ ಕೋಣೆ. ದಪ್ಪ ಬಾಗಿಲು, ಗಾಜಿನ ಕಿಟಕಿ. ಅತ್ತೆಯ ತಲೆಗೆ ಹೆಡ್‌ಫೋನ್. ಸದ್ದು ಕೇಳಿಸಿದಾಗ ಕೈ ಎತ್ತಬೇಕು. ಎತ್ತಿದರು. ಮತ್ತೆ ಎತ್ತಿದರು. ಚೆನ್ನಾಗಿಯೇ ಕೇಳಿಸುತ್ತಿದೆಯಲ್ಲ ಎಂದು ನನಗೆ ಹೊಸ ಸಂಶಯ. ಕಿವಿ ಮೇಡಂ ಒಂದು ಕ್ಷಣ ನಿಲ್ಲಿಸಿದಳು. ಒಳಗೆ ಹೋಗಿ ಅತ್ತೆಯ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. “ನನ್ನ ಬೆರಳು ನೋಡ್ಕೊಂಡು ಎತ್ತುತ್ತಿದಾರೆ ಅಕ್ಕ. ಬಟನ್ ಒತ್ತೋದು ಗಾಜಿನಲ್ಲಿ ಕಾಣ್ಸುತ್ತೆ.”

ಆಮೇಲೆ ಅತ್ತೆಯ ಬೆನ್ನು ಮಾತ್ರ ನಮಗೆ. ಕಿವಿ ಮೇಡಂ ಒತ್ತುತ್ತಾ ಹೋದಳು. ಕೈ ಮೇಲೆ ಬರಲಿಲ್ಲ. ಇನ್ನೂ ಜೋರು ಮಾಡಿದಳು. ಬರಲಿಲ್ಲ. ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಪರೀಕ್ಷೆಗೆ ಓದಿಕೊಂಡು ಬರದ ಹುಡುಗಿಯ ಹಾಗೆ ಕೂತಿದ್ದರು. ಅರವತ್ತೊಂದು ವರ್ಷ ಎಲ್ಲರನ್ನೂ ಹೀಗೇ ನಿಭಾಯಿಸಿದವರು. ಹನ್ನೊಂದು ವರ್ಷ ಸಾಕ್ಷಿ ಕಂಡ ನನ್ನನ್ನೂ ಸೇರಿಸಿ.

ಜೂನ್ 25

ಚಿಟಿಕೆ ಮನೆಗೆ ಬಂದಳು. ಎರಡು ಕೆಜಿ ನೂರು. ಇಲ್ಲಿ ಮಾಸ್ಕ್ ಇಲ್ಲ. ಅತ್ತೆ ಮೊದಲನೇ ಸಲ ಎತ್ತಿಕೊಂಡರು. ಎತ್ತಿಕೊಂಡು ನೇರ ಕಿಟಕಿಯ ಬೆಳಕಿಗೆ ಹೋಗಿ, ತಮ್ಮ ಮುಖದ ಮೇಲೆ ಬೆಳಕು ಬೀಳುವ ಹಾಗೆ ನಿಂತು, ಮಾತಾಡಿಸಿದರು.

ನಮ್ಮಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. “ನೋಡ್ದ್ಯಾ! ಮುಚ್ಚಿಟ್ಟು ಮದುವೆ ಮಾಡಿದಾರೆ. ನಮ್ಮ ಕಡೆ ಮೂರು ತಲೆಮಾರಿಂದ ಇಂಥದ್ದಿಲ್ಲ” ಅಂದಳು. ನನಗೆ ಒಂಥರಾ ಸಮಾಧಾನ ಆಯಿತು. ಬರೆಯಲು ನಾಚಿಕೆ, ಆದರೆ ಆಯಿತು.

ಜುಲೈ 27

ದೊಡ್ಡ ಟೆಸ್ಟ್. ಚಿಟಿಕೆ ಎರಡು ಗಂಟೆ ನಿದ್ದೆ ಮಾಡಿದಳು, ಪುಣ್ಯಾತ್ಗಿತ್ತಿ. ಎರಡೂ ಕಿವಿಗೆ ತೊಂದರೆ ಇದೆ. ಎಡಕ್ಕೆ ಸ್ವಲ್ಪ ಕಡಿಮೆ, ಬಲಕ್ಕೆ ಜಾಸ್ತಿ. ಮಷೀನ್ ಹಾಕಿದರೆ ಮಾತು ಕಲಿಯುತ್ತಾಳೆ ಎಂದು ಡಾಕ್ಟರು. ಮಷೀನಿನ ಅಚ್ಚಿಗೆ ಕಿವಿಯ ಅಳತೆ ತೆಗೆದುಕೊಂಡರು. ಮಗು, ಇವರು, ನಾನು — ಮೂವರ ರಕ್ತವನ್ನೂ ತೆಗೆದರು.

ಅತ್ತೆ ಹೊರಗೆ ಗಾಜಿನ ಬಾಗಿಲ ಆಚೆ ಕೂತಿದ್ದರು. ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಳ್ಳುತ್ತಾ ಹೊರಗೆ ಬಂದೆ. ಅವರು ಆಗಲೇ ಕಣ್ಣು ಒರೆಸಿಕೊಂಡು ಎದ್ದು ನಿಂತಿದ್ದರು. ಡಾಕ್ಟರ ಬಾಯನ್ನು ಗಾಜಿನಿಂದಲೇ ಓದಿಬಿಟ್ಟಿದ್ದರು.

“ನನ್ನಿಂದ್ಲೇ” ಅಂದರು.

“ರಿಪೋರ್ಟ್ ಬರ್ಲಿ ಅತ್ತೆ” ಎಂದೆ. ಅಲ್ಲ ಎಂದು ಹೇಳಲಿಲ್ಲ.

ಸೆಪ್ಟೆಂಬರ್ 8

ರಕ್ತದ ರಿಪೋರ್ಟ್ ಬಂತು. ಇವರು ಕೆಲಸದಲ್ಲಿದ್ದರು. ಒಬ್ಬಳೇ ಹೋಗಿದ್ದೆ.

ಡಾಕ್ಟರು ಕಾಗದದ ಹಿಂದೆ ಚಿತ್ರ ಬರೆದು ವಿವರಿಸಿದರು. ಕಿವಿಯ ಈ ದೋಷ ಒಂದೇ ಕಡೆಯಿಂದ ಬಂದರೆ ಏನೂ ಆಗುವುದಿಲ್ಲವಂತೆ. ಇವರಿಗೆ ಅವರ ತಾಯಿಯಿಂದ ಬಂದಿದೆ, ಆದರೂ ಕಿವಿ ಚೆನ್ನಾಗಿದೆ. ಎರಡೂ ಕಡೆಯಿಂದ ಬಂದರೆ ಮಾತ್ರ ಮಗುವಿಗೆ ತೊಂದರೆ.

“ಎರಡೂ ಕಡೆ ಅಂದ್ರೆ?”

“ಅರ್ಧ ತಂದೆಯಿಂದ. ಅರ್ಧ ನಿಮ್ಮಿಂದ.”

ಮೂರು ತಲೆಮಾರು ಅಂದಿದ್ದಳಲ್ಲ ಅಮ್ಮ. ನಮ್ಮ ಕಡೆಯೂ ಇತ್ತು, ಸುಮ್ಮನೆ ಕೂತಿತ್ತು. ಎರಡು ಸಲ ಓದಿದೆ. ಮಡಿಸಿ ಬ್ಯಾಗಿನ ಒಳಜೇಬಿಗೆ ಹಾಕಿದೆ.

ಮನೆಗೆ ಬಂದಾಗ ಅತ್ತೆ ನನ್ನ ಬಾಯಿ ನೋಡಿದರು. “ರಿಪೋರ್ಟಾ?”

“ಇನ್ನೂ ಬಂದಿಲ್ಲ” ಎಂದೆ.

ಸೆಪ್ಟೆಂಬರ್ 20, ಬೆಳಿಗ್ಗೆ 8.15

ಹನ್ನೆರಡು ದಿನ. ಇವರಿಗೂ ಹೇಳಿಲ್ಲ.

ಚಿಟಿಕೆಗೆ ಮಷೀನ್ ಹಾಕಿ ಒಂದು ವಾರ. ಹಾಕಿದಾಗ ಮೊದಲು ಕಿರುಚಿದಳು, ಈಗ ಕಿತ್ತು ಬಾಯಿಗೆ ಹಾಕಿಕೊಳ್ಳಲು ನೋಡುತ್ತಾಳೆ. ಅತ್ತೆಗೂ ಒಂದು ಜೊತೆ ಕೊಟ್ಟರು, ಹಾಕಿ ನೋಡಿ ಎಂದು. “ಏನಮ್ಮ ನಿಮ್ಮನೇಲಿ ಇಷ್ಟು ಗಲಾಟೆ!” ಅಂದರು ಮೊದಲ ದಿನ. ಈಗ ಕಿವಿಯಲ್ಲಿ ಇರುತ್ತದೆ. ಒಳಗೆ ಬ್ಯಾಟರಿ ಇರುವುದಿಲ್ಲ ಎಂದು ನನ್ನ ಗುಮಾನಿ. ನಿನ್ನೆ ಬಟ್ಟೆ ಬೀರುವಿನಲ್ಲಿ ಎರಡು ಬ್ಯಾಟರಿ ಸಿಕ್ಕಿದವು. ಜಾಗ ಬದಲಿಸದೆ ಅಲ್ಲೇ ಇಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಇವರಿಗೆ ಬಾಯಾಡಿಸಿದರು, ಸದ್ದಿಲ್ಲದೆ. ಈಗ ನನಗೂ ಸ್ವಲ್ಪ ಓದಲು ಬರುತ್ತದೆ ಎಂದು ಅವರಿಗೆ ಗೊತ್ತಿಲ್ಲ. ‘ನಾನು ನಿಮ್ಮಕ್ಕನ ಮನೆಗೆ ಹೋಗ್ತೀನಿ. ಮಗು ಮುಖ ನೋಡಿದಾಗೆಲ್ಲ ಅವಳಿಗೆ ನನ್ನ ಮೇಲೆ ಸಿಟ್ಟು ಬರುತ್ತೆ, ಪಾಪ.’

ಪಾಪ ಅಂದದ್ದು ನನ್ನನ್ನು.

ಇವರು ಬೆಳಿಗ್ಗೆ ಟಿಕೆಟ್ ನೋಡುತ್ತಿದ್ದರು. ನಾನು ಬ್ಯಾಗಿನಿಂದ ಕಾಗದ ತೆಗೆದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಒಂಬತ್ತನೇ ಪ್ರಶ್ನೆಗೆ ಇವರ ಪೆನ್ ಯಾಕೆ ನಿಂತಿತು ಎಂದು ಈಗ ಗೊತ್ತು. ನನ್ನದೂ ಹನ್ನೆರಡು ದಿನದಿಂದ ನಿಂತಿದೆ.

ಅತ್ತೆ ಅಡುಗೆಮನೆಯಿಂದ ಕರೆಯುತ್ತಿದ್ದಾರೆ. ಚಿಟಿಕೆ ಅವರ ಕಂಕುಳಲ್ಲಿ. ಇಲ್ಲಿಂದ ‘ಬಂದೆ’ ಅಂದರೆ ಇಬ್ಬರಿಗೂ ಮುಟ್ಟುವುದಿಲ್ಲ. ಎದ್ದು ಹೋಗಬೇಕು. ಕಿಟಕಿಯ ಬೆಳಕಿಗೆ ಮುಖ ಕೊಟ್ಟು ನಿಂತು, ಬಾಯಿ ಚೆನ್ನಾಗಿ ತೆರೆದು, ಮೊದಲನೇ ಮಾತೇ, ಅತ್ತೆ, ಅರ್ಧ ನನ್ನಿಂದ —